ಮೊದಲು ಕಿವಿ ತೋರಿಸು, ಪುಟ್ಟಿ

ಮಂಡ್ಯ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನಮ್ಮ ಹೇಳಿರುತ್ತಾಳೆ. ಬಲಗಡೆಯಿಂದ ಬರುವ ಚೆಂಡಿನ ಗೆಜ್ಜೆ ಒಮ್ಮೊಮ್ಮೆ ಕೇಳಿಸುವುದೇ ಇಲ್ಲ, ಕೋಚ್‌ಗೆ ಹೇಳಿದರೆ ತಂಡದಿಂದ ಕೈಬಿಡುತ್ತಾರೇನೋ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಕಣ್ಣು ಕಾಣದವರು ಚೆಂಡಿನೊಳಗಿನ ಗೆಜ್ಜೆ ಕೇಳಿಯೇ ಆಡುವ ಆಟ ಗೋಲ್‌ಬಾಲ್. ನಿನ್ನ ಅಭ್ಯಾಸ ನೋಡಲು ಬಂದಿದ್ದೆನಲ್ಲ, ಪಕ್ಕದವರು ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ಪಿಸುಗುಡುತ್ತಿದ್ದೇನೆಂದು ನಾನು ಅಂದುಕೊಂಡಿದ್ದೆ, ಕೂಗಾಡುತ್ತಿದ್ದೆನಂತೆ. ಟೇಪಿನಡಿ ದಾರವಿಟ್ಟ ಗೆರೆಯನ್ನು ತಡವಿ ನೀನು ನಿನ್ನ ಜಾಗ ಹುಡುಕಿಕೊಂಡೆ. ಒಂದೂಕಾಲು ಕಿಲೋ ಚೆಂಡು 18 ಮೀಟರ್ ಅಂಗಳದ ಆ ತುದಿಯಿಂದ ಉರುಳಿ ಬಂತು, ನೀನು ಮೈಚಾಚಿ ಅಡ್ಡಬಿದ್ದೆ. ನನಗೆ ಒಂದು ಗೆಜ್ಜೆಯೂ ಕೇಳಲಿಲ್ಲ.

ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರದ ಪಕ್ಕ ನಿಂತು ದುಡಿದವನ ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಹೋಗುವುದು ತೆಳು ಸದ್ದು. ನಿನ್ನ ಅತ್ತೆ ಬಳೆ ತೊಡುವುದನ್ನೇ ಬಿಟ್ಟಿದ್ದಾಳೆಂದು ಎಷ್ಟೋ ಕಾಲ ತಿಳಿದಿದ್ದೆ. ಒಂದು ದಿನ ಕಣ್ಣಿಟ್ಟು ನೋಡಿದರೆ, ಕೈತುಂಬ ಬಳೆ. ಗೆಜ್ಜೆಯೂ ಅಂಥದೇ ಸದ್ದಲ್ಲವೇ? ಅದಕ್ಕೇ ಹೆದರಿಕೆ.

ಬರೀ ಗುಗ್ಗೆಯೂ ಇರಬಹುದು, ನಾನೇ ಗಾಬರಿಪಡಿಸುತ್ತಿದ್ದೇನೋ ಏನೋ. ಆದರೂ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಳ್ಳಬೇಡ, ಅಜ್ಜಿ ಎಷ್ಟೇ ಹೇಳಲಿ. ಮೊಬೈಲ್ ಈ ಪತ್ರವನ್ನು ಓದಿ ಹೇಳುವಾಗ ಇಯರ್‌ಫೋನ್ ಬೇಡ.

ತಂಡದ ಮಾತು ಹಾಗಿರಲಿ. ಕಣ್ಣಿನ ಕೆಲಸವನ್ನೂ ನೀನು ಕಿವಿಯ ಮೇಲೆಯೇ ಹೊರಿಸಿದ್ದೀಯೆ. ರಸ್ತೆ ದಾಟುವಾಗ ಬಲಗಡೆಯಿಂದ ಬರುವ ಬಸ್ಸಿಗೆ ಗೆಜ್ಜೆ ಕಟ್ಟಿರುವುದಿಲ್ಲ. ಕೋಚ್‌ಗೆ ಹೇಳಿಬಿಡು. ಅವರು ಬೈದರೂ ಬೈಯಲಿ.

ಹಾಂ, 2016ರ ಕಾಯ್ದೆಯಂತೆ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಶೇ. 4 ಮೀಸಲು, ಅದರಲ್ಲಿ ಶೇ. 1 ದೃಷ್ಟಿ ಇಲ್ಲದವರಿಗೆ, ಮಂದ ದೃಷ್ಟಿಯವರಿಗೆ. ಅರ್ಜಿ ಹಾಕುತ್ತಿರು. ಆಟ ಬಿಡು ಎಂದು ಹೇಳುತ್ತಿಲ್ಲ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆಂದು 1946ರಲ್ಲಿ ಹುಟ್ಟಿದ ಆಟ ಎಂದು ನೀನೇ ಹೇಳಿದ್ದೆ, ಅದನ್ನು ಬಿಡು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿನ್ನ ಹಾಸ್ಟೆಲಿನಿಂದ ಏನು ಮಹಾ ದೂರ? ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ, ಇಬ್ಬರೂ ಹೋಗೋಣ. ನನ್ನ ಕಿವಿಯನ್ನೂ ಈವರೆಗೆ ಯಾರಿಗೂ ತೋರಿಸಿಲ್ಲ. ಅಲ್ಲಿ ಹೆಸರು ಕೂಗಿದಾಗ ನೀನೇ ನನ್ನನ್ನು ತಟ್ಟಿ ಎಬ್ಬಿಸಬೇಕು.

ಇಂತಿ,
ನಿನ್ನ ಮಾವ