ಬರ್ಕಿಗಳ ಮನೆಮಾತು ಪಶ್ತೋ ಅಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಮ್ರಾನ್ ಖಾನ್ ಅವರ ತಾಯಿಯ ಕುಲವಾದ ಬರ್ಕಿಗಳ ಬಗ್ಗೆ ಬಂದ ಬರಹವನ್ನು ನಂಬಿ, ನಮ್ಮ ಬಡಾವಣೆಯ ಶಾಲೆಯ ರಸಪ್ರಶ್ನೆಯಲ್ಲಿ ಆ ಬುಡಕಟ್ಟಿನ ಮೂಲ ಭಾಷೆ ಯಾವುದೆಂದು ಕೇಳಿದ್ದೇ ನಾನು ಮಾಡಿದ ತಪ್ಪು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಓರ್ಮುರಿ’ ಎಂದಳು. ತಮ್ಮ ಪತ್ರಿಕೆ ಪಶ್ತೋ ಎಂದು ಅಪ್ಪಣೆ ಕೊಡಿಸಿದ್ದರಿಂದ ನಾನು ಸೊನ್ನೆ ಕೊಟ್ಟೆ. ಮರುದಿನ ಅವಳ ತಂದೆ ಪುಸ್ತಕ ಹಿಡಿದು ಮನೆಗೇ ಬಂದರು. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರು ಕ್ಷಮೆ ಕೇಳಿದೆ. ಬಹುಮಾನದ ನಿಘಂಟು ಅಷ್ಟರಲ್ಲಿ ಬೇರೊಬ್ಬನ ಕೈ ಸೇರಿದ್ದರಿಂದ 380 ರೂಪಾಯಿ ಕೊಟ್ಟು ಇನ್ನೊಂದನ್ನು ತಂದೆ. ತಮ್ಮ ಕಚೇರಿಗೆ ಮೂರು ಬಾರಿ ಫೋನ್ ಮಾಡಿ ಮೂರು ಬಾರಿಯೂ ಸಂಗೀತ ಕೇಳಿದೆ.

ಬರ್ಕಿಗಳು ಪಶ್ತೂನರಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಶತಮಾನಗಳಿಂದ ಪಶ್ತೂನರ ನಡುವೆ, ಪಶ್ತೂನರಾಗಿಯೇ ಬಾಳಿದ್ದಾರೆ. ಆದರೆ ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದ ಕಾನಿಗುರಮ್‌ನಲ್ಲಿ, ಸುತ್ತಲೂ ಪಶ್ತೋ ಆಡುವ ಮೆಹ್ಸೂದರಿದ್ದರೂ, ಅವರು ಮನೆಯೊಳಗೆ ಉಳಿಸಿಕೊಂಡು ಬಂದ ಮಾತು ಓರ್ಮುರಿ. ಅವರೇ ಕರೆಯುವಂತೆ ‘ಬರ್ಗಿಸ್ತಾ’. ಅದು ಪಶ್ತೋದ ಉಪಭಾಷೆಯಲ್ಲ, ಇರಾನಿ ವರ್ಗದ ಬೇರೆಯದೇ ಆದ ಭಾಷೆ. ಕಾಬೂಲ್ ಸೀಮೆಯಲ್ಲಿ ಹನ್ನೊಂದೋ ಹನ್ನೆರಡೋ ಭಾಷೆಗಳಿವೆಯೆಂದು ಬರೆದ ಬಾಬರನೇ ಬರ್ಕಿ ಮಾತನ್ನು ‘ಅಫ್ಘಾನಿ’ಯಿಂದ, ಅಂದರೆ ಪಶ್ತೋದಿಂದ, ಬೇರೆಯಾಗಿ ಎಣಿಸಿದ್ದಾನೆ. ಕುದುರೆಯ ಮೇಲೆ ಊರೂರು ಸುತ್ತುತ್ತಿದ್ದವನಿಗೆ ಇದ್ದ ವ್ಯವಧಾನ, ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತ ಉಪಸಂಪಾದಕರಿಗೆ ಇಲ್ಲದೆ ಹೋಯಿತು. ಇನ್ನು ಜಲಂಧರ್ ಅವರ ಮೂಲನೆಲವಂತೆ! ಅಲ್ಲಿ ‘ಬಸ್ತಿ’ ಎಂಬ ಕೇರಿಗಳನ್ನು ಕಟ್ಟಿಕೊಂಡು ನೆಲೆಸಿದ್ದು, 1947ರಲ್ಲಿ ಲಾಹೋರಿಗೆ ಹೋದದ್ದು ಒಂದು ಶಾಖೆ. ಬೇರು ಹುಡುಕುವವರು ಕಾನಿಗುರಮ್ಮಿಗೂ, ಅಫ್ಘಾನಿಸ್ತಾನದ ಲೋಗರ್ ಪ್ರಾಂತದ ಬರಾಕಿ ಬರಾಕ್‌ಗೂ ಹೋಗಬೇಕು.

ನನಗೆ ಇಷ್ಟು ಉರಿಯಲು ಕಾರಣವಿದೆ. 2011ರ ಜನಗಣತಿಯಲ್ಲಿ ನಮ್ಮ ಮನೆಮಾತು ಸಂಕೇತಿ ಎಂದಾಗ, ಬಂದಿದ್ದವರು “ಅಂಥದ್ದು ಪಟ್ಟಿಯಲ್ಲಿಲ್ಲ ಸಾರ್” ಎಂದು ಕನ್ನಡ ಬರೆದುಕೊಂಡು, ಕೊಟ್ಟ ಕಾಫಿ ಕುಡಿದು ಹೋದರು. ತಕರಾರು ಹೇಳಲು ಹೋದರೆ ಕಚೇರಿಯಲ್ಲಿ ಪಡಿತರ ಚೀಟಿಯ ಜೆರಾಕ್ಸ್ ಕೇಳಿದರು. ನಾನಾಡುವ ಮಾತಿಗೂ ಪಡಿತರಕ್ಕೂ ಏನು ನಂಟೋ ಆ ಸಾಹೇಬರೇ ಬಲ್ಲರು. ಕಾನಿಗುರಮ್‌ನವರ ಮಾತನ್ನು ಪಶ್ತೋ ಎಂದು ಬರೆದ ಕೈಯೂ ಇಂಥದ್ದೇ.

ಆದ್ದರಿಂದ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿ. ಆಗದಿದ್ದರೆ ಬುಡಕಟ್ಟುಗಳ ವಿಚಾರ ಬರೆಯುವುದನ್ನೇ ನಿಲ್ಲಿಸಿ. ಸಂಬಂಧಪಟ್ಟ ಅಧಿಕಾರಿಗಳೂ ಇನ್ನಾದರೂ ಕಣ್ಣು ತೆರೆಯಲಿ. ನಿಘಂಟಿನ ರಸೀದಿ ನನ್ನ ಬಳಿ ಇದೆ.

– ನಿವೃತ್ತ ಶಿಕ್ಷಕ, ಹಾಸನ