ಹಸಿರು ದ್ರಾವಣಕ್ಕೆ ಸೊನ್ನೆ ಅಂಕವೇ?

ಮಾನ್ಯ ಸಂಪಾದಕರೇ,

ಕಬ್ಬಿಣವು ಕ್ಲೋರಿನ್ ಜೊತೆಗೂ ಹೈಡ್ರೋಕ್ಲೋರಿಕ್ ಆಮ್ಲದ ಜೊತೆಗೂ ವರ್ತಿಸಿ ಫೆರಿಕ್ ಕ್ಲೋರೈಡನ್ನೇ ಕೊಡುತ್ತದೆ ಎಂದು ಕಳೆದ ವಾರ ನಿಮ್ಮ ಪರೀಕ್ಷಾ ಮಾರ್ಗದರ್ಶಿ ಪುಟದಲ್ಲಿ ಅಚ್ಚಾಗಿದೆ. ಅರ್ಧ ಸರಿ, ಅರ್ಧ ತಪ್ಪು. ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಿಕ್, ಎರಡು ಕಳೆದುಕೊಂಡರೆ ಫೆರಸ್. ಆ ಪುಟವನ್ನು ನಂಬಿದ ಟ್ಯೂಷನ್ ಮೇಷ್ಟರು, ಆಮ್ಲದೊಂದಿಗೆ ಫೆರಸ್ ಕ್ಲೋರೈಡ್ ಎಂದು ಬರೆದ ನನ್ನ ಮೊಮ್ಮಗಳಿಗೆ ಸೊನ್ನೆ ಸುತ್ತಿದ್ದಾರೆ.

ನಾನು ಕಾರವಾರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಸಹಾಯಕನಾಗಿದ್ದವನು. ಪಾಠ ಮಾಡಿದವನಲ್ಲ, ಬಾಟಲಿ ತೊಳೆದವನು. ಹಾಗಾಗಿ ಬಣ್ಣಗಳು ನೆನಪಿವೆ. ಕೆಂಪಗೆ ಕಾಯಿಸಿದ ಕಬ್ಬಿಣದ ಎಳೆಗಳನ್ನು ಕ್ಲೋರಿನ್ ತುಂಬಿದ ಜಾಡಿಗೆ ಇಳಿಸಿದರೆ ಅವು ನಿಗಿನಿಗಿ ಹೊಳೆದು, ಕಂದು ಹೊಗೆ ಎದ್ದು ಗಾಜಿಗೆ ಮೆತ್ತಿಕೊಳ್ಳುತ್ತಿತ್ತು. ಅದು ಫೆರಿಕ್. ಮೊಳೆಯನ್ನು ಸಾರರಿಕ್ತ ಆಮ್ಲಕ್ಕೆ ಹಾಕಿದರೆ ಬರುವುದು ಹೈಡ್ರೋಜನ್ ಗುಳ್ಳೆ, ಕಡ್ಡಿ ಗೀರಿ ಹಿಡಿದರೆ ‘ಪಟ್’ ಎನ್ನುತ್ತದೆ. ಪ್ರನಾಳದಲ್ಲಿ ಉಳಿಯುವುದು ತಿಳಿಹಸಿರು ಫೆರಸ್. ಕಬ್ಬಿಣದಿಂದ ಮೂರು ಎಲೆಕ್ಟ್ರಾನ್ ಕಿತ್ತುಕೊಳ್ಳುವ ತಾಕತ್ತು ಕ್ಲೋರಿನ್‌ಗೆ ಇದೆ. ಆಮ್ಲದ ಹೈಡ್ರೋಜನ್ ಅಯಾನಿನ ಕೈ ಎರಡರಾಚೆ ಹೋಗದು.

ಈ ತಪ್ಪು ಎಲ್ಲಿ ಹುಟ್ಟುತ್ತದೆಂದು ನನಗೆ ಗೊತ್ತು. ಹಸಿರು ದ್ರಾವಣವನ್ನು ತೆರೆದಿಟ್ಟರೆ ಗಾಳಿಯ ಆಮ್ಲಜನಕ ಸೋಕಿ ಹಳದಿಗೆ ತಿರುಗುತ್ತದೆ, ಅಂದರೆ ಫೆರಿಕ್ ಆಗುತ್ತದೆ. ಅದಕ್ಕೇ ನಾವು ಫೆರಸ್ ಬಾಟಲಿಯೊಳಗೆ ಒಂದು ಮೊಳೆ ಬಿಟ್ಟಿರುತ್ತಿದ್ದೆವು. ಕೆಟ್ಟದ್ದನ್ನು ಅದು ಮತ್ತೆ ಫೆರಸ್ ಮಾಡುತ್ತದೆ. ನಮ್ಮ ಕಡಲ ದಂಡೆಯಲ್ಲಿ ಇನ್ನೊಂದು ಕಾಟವೂ ಉಂಟು. ಜೂನ್‌ನಲ್ಲಿ ತಂದ ಮೊಳೆಗೆ ಜುಲೈಯಲ್ಲಿ ತುಕ್ಕು. ತುಕ್ಕಿನಲ್ಲಿರುವ ಕಬ್ಬಿಣ ಮೊದಲೇ ಫೆರಿಕ್ ಆಗಿರುವುದರಿಂದ ಆಮ್ಲಕ್ಕೆ ಬಿದ್ದರೆ ಹಳದಿ ಬಿಡುತ್ತದೆ. ಒಂದು ಮಳೆಗಾಲ ಮರಳುಕಾಗದದಿಂದ ತಿಕ್ಕದೆ ಮೊಳೆ ಹಂಚಿಬಿಟ್ಟೆ. ಇಡೀ ಬ್ಯಾಚು ನಿಮ್ಮ ಪುಟದ ಉತ್ತರವನ್ನೇ ಬರೆಯಿತು, ಬೈಗುಳ ತಿಂದವನು ನಾನು.

ಸಂಶಯವಿದ್ದರೆ ಆಗಷ್ಟೇ ತಯಾರಿಸಿದ ದ್ರಾವಣಕ್ಕೆ ನಾಲ್ಕು ಹನಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ನೋಡಬಹುದು. ಆಮ್ಲ ಇನ್ನೂ ಉಳಿದಿದ್ದರೆ ಇನ್ನಷ್ಟು ಹನಿ ಬೇಕಾದೀತು. ಫೆರಸ್ ಆದರೆ ಕೊಳೆಹಸಿರು ಪ್ರಕ್ಷೇಪ, ಫೆರಿಕ್ ಆದರೆ ಕೆಂಗಂದು.

ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ವಿಷಾದ ಎಂದು ಮೂಲೆಯಲ್ಲಿ ಎರಡು ಸಾಲು ಹಾಕಿದರೆ ಆ ಮೇಷ್ಟರ ಕಣ್ಣಿಗೆ ಬೀಳುವುದಿಲ್ಲ.

– ನಿವೃತ್ತ ಪ್ರಯೋಗಾಲಯ ಸಹಾಯಕ, ಕಾರವಾರ