ಹೆಂಗಸರ ಪಾರ್ಶ್ವವಾಯುವಿಗೆ ‘ಸುಸ್ತು’ ಎಂಬ ಹೆಸರಿಡಬೇಡಿ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯು ಎಂಬ ಪದದಲ್ಲೇ ಒಂದು ತೊಡಕಿದೆ. ಪಾರ್ಶ್ವ ಎಂದರೆ ಮಗ್ಗುಲು. ಲಕ್ವ ಹೊಡೆಯಿತು ಎಂದ ಕೂಡಲೇ ಕಣ್ಣೆದುರು ಬರುವುದು ಬಾಯಿ ಸೊಟ್ಟಗಾಗಿ, ಒಂದು ಮಗ್ಗುಲಿನ ಕೈಕಾಲು ಬಿದ್ದುಹೋದ ಚಿತ್ರ. ಆ ಚಿತ್ರಕ್ಕೆ ಹೊಂದದ್ದನ್ನೆಲ್ಲ ನಾವು ಸುಸ್ತು, ಪಿತ್ತ, ತಲೆಸುತ್ತು, ಗಾಬರಿ ಎಂದು ಕರೆದು, ‘ಸ್ವಲ್ಪ ಹೊತ್ತು ಮಲಗು, ಸರಿಹೋಗುತ್ತೆ’ ಎನ್ನುತ್ತೇವೆ. ಹೀಗೆ ತಪ್ಪು ಹೆಸರಿಟ್ಟು ಮಲಗಿಸಿಬಿಡುವುದು ಹೆಂಗಸರ ವಿಷಯದಲ್ಲಿ ಹೆಚ್ಚು. ಎಷ್ಟೋ ಸಲ ಆಕೆಯೇ ತನಗೆ ಹಾಗೆ ಹೇಳಿಕೊಂಡು ಕೆಲಸ ಮುಂದುವರಿಸುತ್ತಾಳೆ. ಇದನ್ನು ತಡೆಯಬಹುದಾದ ಕೆಲವು ವಿವರಗಳನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ.

ಪೆಟ್ಟು ಬೀಳುವುದು ಕೈಗೂ ಅಲ್ಲ, ಕಾಲಿಗೂ ಅಲ್ಲ, ಮಿದುಳಿಗೆ. ಬಹುಪಾಲು ಪ್ರಕರಣಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುತ್ತದೆ. ಉಳಿದವುಗಳಲ್ಲಿ ನಾಳ ಒಡೆದು ರಕ್ತ ಸೋರಿರುತ್ತದೆ. ದೊಡ್ಡ ನಾಳವೊಂದು ಕಟ್ಟಿಕೊಂಡು ಚಿಕಿತ್ಸೆಯಿಲ್ಲದೆ ಬಿಟ್ಟರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ತಜ್ಞರ ಲೆಕ್ಕ. ಮಿದುಳಿನ ಯಾವ ಭಾಗಕ್ಕೆ ರಕ್ತ ನಿಂತಿತೋ ಆ ಭಾಗ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ. ಅದು ಕೈಯ ಬಲವೇ ಆಗಬೇಕೆಂದಿಲ್ಲ. ಅರ್ಧ ನೋಟ, ಮಾತಿನ ಅರ್ಥ, ನಡಿಗೆಯ ಸಮತೋಲ, ಬುದ್ಧಿಯ ತಿಳಿತನ, ಯಾವುದೂ ಆಗಬಹುದು.

‘ಹೆಂಗಸರಲ್ಲಿ ಲಕ್ಷಣಗಳೇ ಬೇರೆ’ ಎಂಬ ಮಾತು ಈಚೆಗೆ ಬಹಳ ಓಡಾಡುತ್ತಿದೆ. ಅದು ಅರ್ಧ ಸತ್ಯ, ಹಾಗಾಗಿ ಅಪಾಯಕಾರಿಯೂ ಹೌದು. ಮುಖ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಹೆಂಗಸರಲ್ಲೂ ಅತ್ಯಂತ ಸಾಮಾನ್ಯ. ವ್ಯತ್ಯಾಸವಿರುವುದು ಇವುಗಳ ಜೊತೆಗೆ, ಕೆಲವೊಮ್ಮೆ ಇವುಗಳಿಗಿಂತ ಮೊದಲು ಕಾಣುವ ಸಂಗತಿಗಳಲ್ಲಿ: ಇದ್ದಕ್ಕಿದ್ದಂತೆ ಮಂಕು ಕವಿಯುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಮೈಯೆಲ್ಲ ನಿತ್ರಾಣವಾಗುವುದು, ತಲೆನೋವು, ಓಕರಿಕೆ. ಇವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ದಾಖಲಾಗಿವೆ. ತೊಂದರೆಯೆಂದರೆ ಇವೆಲ್ಲಕ್ಕೂ ಮನೆಯಲ್ಲಿ ಬೇರೆ ಹೆಸರು ಮೊದಲೇ ಸಿದ್ಧವಿರುತ್ತದೆ. ತಲೆನೋವಿನ ರೋಗಿಯೆಂದು ಗೊತ್ತಿರುವವಳ ತಲೆನೋವನ್ನು ಯಾರು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಆದ್ದರಿಂದ ಲಕ್ಷಣ ಯಾವುದು ಎನ್ನುವುದಕ್ಕಿಂತ ಅದು ಹೇಗೆ ಬಂತು ಎನ್ನುವುದನ್ನು ಕೇಳಿ. ಸುಸ್ತು ಏರುತ್ತಾ ಬರುತ್ತದೆ, ಜ್ವರ ಏರುತ್ತಾ ಬರುತ್ತದೆ. ಪಾರ್ಶ್ವವಾಯು ಸಾಮಾನ್ಯವಾಗಿ ಥಟ್ಟನೆ ಬರುತ್ತದೆ. ‘ಮಾತಾಡುತ್ತಾ ಇದ್ದಳು, ನಡುವೆ ತಡವರಿಸಿದಳು’, ‘ಲೋಟ ಹಿಡಿದಿದ್ದಳು, ಜಾರಿ ಬಿತ್ತು’ ಎಂದು ಕ್ಷಣವನ್ನು ಬೊಟ್ಟುಮಾಡಿ ಹೇಳುವಂತಿದ್ದರೆ ಅದನ್ನು ಮಿದುಳಿನ ವಿಷಯವೆಂದೇ ತಿಳಿಯಬೇಕು, ಅಲ್ಲವೆಂದು ವೈದ್ಯರು ಹೇಳುವವರೆಗೆ.

ಪರೀಕ್ಷಿಸಲು ಒಂದು ನಿಮಿಷ ಸಾಕು. ಹಲ್ಲು ಕಾಣುವಂತೆ ನಗಲು ಹೇಳಿ. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ಒಂದು ಕಡೆ ಅಳಿಸಿಹೋಗಿದೆಯೇ ನೋಡಿ. ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿ, ಹತ್ತರವರೆಗೆ ಎಣಿಸಿ. ಕೈ ಪೂರ್ತಿ ಬೀಳಬೇಕಿಲ್ಲ; ಒಂದು ಮೆಲ್ಲಗೆ ಇಳಿದರೂ, ಅಂಗೈ ಒಳಕ್ಕೆ ಮಗುಚಿದರೂ ಅದೇ ಸುಳಿವು. ಕಣ್ಣು ಮುಚ್ಚಿಸದೆ ಈ ಪರೀಕ್ಷೆ ಮಾಡಬೇಡಿ, ನೋಡುತ್ತಿದ್ದರೆ ಕೈ ಇಳಿಯದಂತೆ ಆಕೆ ತಡೆದುಕೊಳ್ಳಬಲ್ಲಳು. ಒಂದು ಸರಳ ವಾಕ್ಯವನ್ನು ಹೇಳಿಕೊಟ್ಟು ಮತ್ತೆ ಹೇಳಿಸಿ. ಇಲ್ಲಿ ಎರಡು ಬಗೆಯ ದೋಷವಿದೆ: ಪದ ಸರಿಯಿದ್ದು ಉಚ್ಚಾರ ಮುದ್ದೆಯಾಗುವುದು ಒಂದು, ಉಚ್ಚಾರ ಸ್ಪಷ್ಟವಿದ್ದು ಪದವೇ ತಪ್ಪುವುದು ಇನ್ನೊಂದು. ಎರಡನೆಯದನ್ನು ಜನ ‘ಏನೇನೋ ಬಡಬಡಿಸುತ್ತಿದ್ದಾಳೆ’ ಎಂದು ತಳ್ಳಿಹಾಕುತ್ತಾರೆ. ಇದು ಯಾವ ತಿಂಗಳು, ನಿನ್ನ ವಯಸ್ಸೆಷ್ಟು ಎಂದು ಕೇಳಿ. ಆಸ್ಪತ್ರೆಯಲ್ಲೂ ಇದೇ ಎರಡು ಪ್ರಶ್ನೆ ಕೇಳುತ್ತಾರೆ. ಕೊನೆಗೆ ಕಣ್ಣು ಮತ್ತು ಸಮತೋಲ: ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ, ಒಂದು ಬದಿಯ ನೋಟ ಮಾಯವಾಗಿದೆಯೇ, ಆಸರೆಯಿಲ್ಲದೆ ಕೂರಿಸಿದರೆ ಒಂದು ಕಡೆಗೆ ವಾಲುತ್ತಾಳೆಯೇ.

ಈ ಕೊನೆಯದು ಮಿದುಳಿನ ಹಿಂಭಾಗದ ರಕ್ತನಾಳಗಳಿಗೆ ಸಂಬಂಧಿಸಿದ್ದು. ಅಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಕೈಕಾಲಿನ ಬಲ ಪೂರ್ತಿ ಸರಿಯಿರಬಹುದು, ಮುಖ ನೆಟ್ಟಗಿರಬಹುದು. ತಲೆ ಗಿರ್ರೆನ್ನುವುದು, ವಾಂತಿ, ನಡೆದರೆ ಕುಡಿದವರಂತೆ ತೂರಾಡುವುದು, ನುಂಗಲು ಕಷ್ಟ, ಕೆಲವೊಮ್ಮೆ ಬಿಡದ ಬಿಕ್ಕಳಿಕೆ, ಇಷ್ಟೇ ಇರಬಹುದು. ‘ಅಜೀರ್ಣ’ವೆಂದು ಮಾತ್ರೆ ಕೊಟ್ಟು ಮಲಗಿಸುವುದು ಇಂಥವರನ್ನೇ. ಥಟ್ಟನೆ ತಲೆಸುತ್ತು ಬಂದು, ಹಿಡಿದುಕೊಳ್ಳದೆ ನಿಲ್ಲಲಾಗುತ್ತಿಲ್ಲ ಎಂದಾದರೆ ಅಜೀರ್ಣದ ಮಾತೇ ಬೇಡ.

ಇನ್ನೊಂದು ವಿಷಯ ಮನೆಯವರಿಗೆ ಗೊತ್ತಿರಲೇಬೇಕು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ತನಗೆ ಏನೋ ಆಗಿದೆ ಎಂಬ ಅರಿವೇ ರೋಗಿಗೆ ಇಲ್ಲದಿರಬಹುದು. ಎಡಗೈ ಸೋತು ನೇತಾಡುತ್ತಿದ್ದರೂ ‘ನನಗೇನಾಗಿಲ್ಲ, ಸುಮ್ಮನೆ ಗಾಬರಿ ಮಾಡಬೇಡಿ’ ಎನ್ನುತ್ತಾಳೆ. ಯಾವತ್ತೂ ತನ್ನ ನೋವನ್ನು ಹೇಳಿಕೊಳ್ಳದ ಹೆಂಗಸು ಹಾಗೆಂದರೆ ಎಲ್ಲರೂ ನಂಬಿಬಿಡುತ್ತಾರೆ. ಅವಳ ಮಾತನ್ನಲ್ಲ, ಅವಳ ಕೈಯನ್ನು ನೋಡಿ.

ತಲೆನೋವಿನ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು. ಮೈಗ್ರೇನ್ ಹೆಂಗಸರಲ್ಲಿ ಹೆಚ್ಚು, ಮತ್ತು ಅದರ ಒಂದು ಬಗೆಯಲ್ಲಿ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕು ಮಿನುಗು, ಬೆರಳಲ್ಲಿ ಜೋಮು ಕಾಣಿಸುತ್ತದೆ. ಅದು ಹರಡುವ ರೀತಿ ನಿಧಾನ: ಐದು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಬೆರಳಿಂದ ಕೈಗೆ, ಕೈಯಿಂದ ತುಟಿಗೆ ಸಾಗುತ್ತದೆ, ಇಲ್ಲದ ಬೆಳಕು ಕಾಣುತ್ತದೆ. ಪಾರ್ಶ್ವವಾಯುವಿನಲ್ಲಿ ಇರುವುದು ಹೋಗುತ್ತದೆ, ಅದೂ ಒಮ್ಮೆಲೇ. ಆದರೆ ಈ ವ್ಯತ್ಯಾಸವನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಜೀವನದಲ್ಲಿ ಮೊದಲ ಬಾರಿ ಹೀಗಾದಾಗಲಂತೂ ಸಲ್ಲದು. ಇನ್ನು ಕೆಲವೇ ಕ್ಷಣಗಳಲ್ಲಿ, ಸಿಡಿಲು ಬಡಿದಂತೆ, ತಾರಕಕ್ಕೇರುವ ತಲೆನೋವು ಬಂದರೆ ಮಿದುಳಿನ ಮೇಲ್ಪದರದಲ್ಲಿ ರಕ್ತನಾಳದ ಉಬ್ಬು ಒಡೆದಿರುವ ಸಂಭವವುಂಟು. ಈ ಬಗೆಯ ರಕ್ತಸ್ರಾವ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಅಂಥ ನೋವಿಗೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವಂತಿಲ್ಲ.

ಈ ಪತ್ರ ಬರೆಯಲು ಮುಖ್ಯ ಕಾರಣ ಬಸುರಿ, ಬಾಣಂತಿಯರು. ಪಾರ್ಶ್ವವಾಯು ಮುದುಕರ ಕಾಯಿಲೆ ಎಂಬ ನಂಬಿಕೆ ಇವರ ಮಟ್ಟಿಗೆ ಪ್ರಾಣಕ್ಕೇ ಎರವಾಗುತ್ತದೆ. ಬಸಿರಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯ ರಕ್ತಸ್ರಾವವನ್ನು ನಿಲ್ಲಿಸಲು ದೇಹ ಮಾಡಿಕೊಂಡ ಏರ್ಪಾಡು ಅದು. ಆ ಗುಣ ಹೆರಿಗೆಯಾದ ಕೂಡಲೇ ಹೋಗುವುದಿಲ್ಲ. ಹೆರಿಗೆಯ ನಂತರದ ಆರು ವಾರಗಳು ಹೆಚ್ಚು ಅಪಾಯದವು. ಮಗು ಹುಟ್ಟಿತು, ತಾಯಿ ಮನೆಗೆ ಬಂದಳು, ಎಲ್ಲರ ಗಮನ ಮಗುವಿನ ಮೇಲೆ. ತಾಯಿಯ ಬಿ.ಪಿ. ನೋಡುವವರೇ ಇಲ್ಲ. ಅದು ಏರುವುದು ಹೆಚ್ಚಾಗಿ ಹೆರಿಗೆಯಾಗಿ ಮೂರರಿಂದ ಆರನೆಯ ದಿನಗಳಲ್ಲಿ.

ಗರ್ಭಿಣಿಯಲ್ಲಿ 20 ವಾರಗಳ ನಂತರ ಬಿ.ಪಿ. 140/90 ಮುಟ್ಟಿದರೆ ವೈದ್ಯರಿಗೆ ತಿಳಿಸಬೇಕು. ಮೇಲಿನ ಅಂಕಿ 160 ಆಗಲಿ ಕೆಳಗಿನದು 110 ಆಗಲಿ, ಒಂದು ಮುಟ್ಟಿದರೂ ತುರ್ತುಸ್ಥಿತಿ. ಬಾಣಂತಿಗೂ ಇದೇ ಲೆಕ್ಕ. ಜಗ್ಗದ ತಲೆನೋವು, ಕಣ್ಣೆದುರು ಚುಕ್ಕಿ ಮಿಂಚುವುದು, ಬಲಪಕ್ಕೆಯ ಕೆಳಗೆ ನೋವು, ಮುಖ ಊದಿಕೊಳ್ಳುವುದು ಅದರ ಸೂಚನೆಗಳು. ಹೆರಿಗೆಗೆ ಮುಂಚೆ ಬಿ.ಪಿ. ಸರಿಯಿತ್ತು ಎಂಬುದು ರಕ್ಷೆಯಲ್ಲ, ಹೆರಿಗೆಯ ನಂತರ ಹೊಸದಾಗಿಯೂ ಶುರುವಾಗಬಹುದು. ಬಸಿರಲ್ಲಿ ಬಿ.ಪಿ. ಏರಿದ್ದವರನ್ನು ಹೆರಿಗೆಯಾದ ಮೂರು ದಿನದೊಳಗೊಮ್ಮೆ, ವಾರ ಹತ್ತು ದಿನಕ್ಕೆ ಮತ್ತೊಮ್ಮೆ ಅಳೆದು ನೋಡಬೇಕು.

ಇದಕ್ಕಿಂತ ಮೋಸದ್ದು ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಗಳಲ್ಲಿ ಆಗುವ ಹೆಪ್ಪು. ಬಾಣಂತಿಯರಲ್ಲಿ, ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ, ಸೋಂಕು ಸೇರಿಕೊಂಡರೆ ಸಂಭವ ಇನ್ನೂ ಹೆಚ್ಚು. ಥಟ್ಟನೆ ಬರುತ್ತದೆ ಎಂದು ಮೇಲೆ ಹೇಳಿದ ನಿಯಮಕ್ಕೆ ಇದು ಅಪವಾದ. ತಲೆನೋವು ದಿನದಿಂದ ದಿನಕ್ಕೆ ಬಲಿಯುತ್ತದೆ, ಮಲಗಿದರೆ, ಬಗ್ಗಿದರೆ, ಕೆಮ್ಮಿದರೆ ಹೆಚ್ಚುತ್ತದೆ. ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್ ಅಥವಾ ಒಂದು ಕೈಯ ಸೋಲು. ಫಿಟ್ಸ್ ಬಂದು ಮಾತು ತಪ್ಪಿದ ಬಾಣಂತಿಗೆ ‘ಸನ್ನಿ ಹಿಡಿದಿದೆ’ ಎಂದು ಹೇಳಿ ಕೈಚೆಲ್ಲಿದರೆ ಗುಣಪಡಿಸಬಹುದಾಗಿದ್ದವಳನ್ನು ಕೈಯಾರೆ ಕಳೆದುಕೊಂಡಂತೆ. ಸಾದಾ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣದೆ ಹೋಗಬಹುದು. ಅಭಿಧಮನಿಗಳನ್ನು ತೋರಿಸುವ ವೆನೋಗ್ರಾಂ ಬೇಕು. ‘ಹೆರಿಗೆಯಾಗಿ ಇಷ್ಟು ದಿನವಾಯಿತು’ ಎಂಬ ಒಂದು ಮಾತನ್ನು ತುರ್ತು ವಿಭಾಗದಲ್ಲಿ ಮೊದಲಿಗೇ ಹೇಳಿದರೆ ವೈದ್ಯರ ಯೋಚನೆಯ ದಾರಿಯೇ ಬದಲಾಗುತ್ತದೆ.

ಗರ್ಭನಿರೋಧಕ ಮಾತ್ರೆಯ ಮಾತು ಬಂದದ್ದರಿಂದ: ಎಲ್ಲರೂ ಹೆದರಿ ನಿಲ್ಲಿಸಬೇಕಿಲ್ಲ. ಮುನ್ಸೂಚನೆಯಿರುವ, ಅಂದರೆ ಕಣ್ಣೆದುರು ಮಿನುಗುವ ಬಗೆಯ ಮೈಗ್ರೇನ್ ಇದ್ದವರು, 35 ದಾಟಿ ಧೂಮಪಾನ ಮಾಡುವವರು, ಬಿ.ಪಿ. ಹೆಚ್ಚಿರುವವರು ಮುಂತಾದವರು ಈಸ್ಟ್ರೋಜನ್ ಬೆರೆತ ಮಾತ್ರೆಗೆ ಬದಲು ಕಾಪರ್-ಟಿಯಂಥ ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಬೇಕು. ಇನ್ನು ವಯಸ್ಸಾದ ಹೆಂಗಸರ ದೊಡ್ಡ ಶತ್ರು ಹೃದಯದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್. ಅದು ಪಾರ್ಶ್ವವಾಯುವಿನ ಸಂಭವವನ್ನು ಸುಮಾರು ಐದು ಪಟ್ಟು ಏರಿಸುತ್ತದೆ. ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ, ಬಡಿತ ಅಡ್ಡಾದಿಡ್ಡಿಯಾಗಿದ್ದರೆ ಇ.ಸಿ.ಜಿ. ಮಾಡಿಸಿ.

ಸಂಶಯ ಬಂದ ಮೇಲೆ ಮಾಡಬೇಕಾದದ್ದು ಸ್ವಲ್ಪವೇ, ಮಾಡಬಾರದ್ದೇ ಹೆಚ್ಚು. ಆಂಬುಲೆನ್ಸ್ ಕರೆಯಿರಿ. ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ: ನೀವು ಗಮನಿಸಿದ ಸಮಯವನ್ನಲ್ಲ, ಆಕೆ ಕೊನೆಯದಾಗಿ ಪೂರ್ತಿ ಚೆನ್ನಾಗಿದ್ದ ಸಮಯವನ್ನು. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿ ಬೆಳಿಗ್ಗೆ ಆರಕ್ಕೆ ಸೊಟ್ಟ ಬಾಯಿಯೊಂದಿಗೆ ಎದ್ದರೆ ಲೆಕ್ಕ ಹತ್ತರಿಂದಲೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ಗಂಟೆಯೊಳಗೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ನಾಳದೊಳಗೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಸಾಧ್ಯ. ನಿಧಾನಿಸಲು ಅದು ನೆಪವಾಗದಿರಲಿ. ಹಾಗಾಗಿ ಹತ್ತಿರದ ಯಾವುದೋ ಚಿಕಿತ್ಸಾಲಯಕ್ಕಲ್ಲ, ಹಗಲಿರುಳು ಸಿ.ಟಿ. ಸ್ಕ್ಯಾನ್ ಇರುವ, ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೇ ಒಯ್ಯಬೇಕು.

ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವಂತೆ ಆಸ್ಪಿರಿನ್ ಕೊಡಬೇಡಿ. ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಆಗದೆ ಯಾರಿಗೂ ತಿಳಿಯದು. ಬಿ.ಪಿ. ಹೆಚ್ಚಿದೆಯೆಂದು ಮನೆಯಲ್ಲಿ ಇಳಿಸಲು ಹೋಗಬೇಡಿ, ಕಟ್ಟಿಕೊಂಡ ನಾಳದಾಚೆಗೆ ಅಷ್ಟಿಷ್ಟು ರಕ್ತ ತಲುಪುತ್ತಿರುವುದು ಆ ಒತ್ತಡದಿಂದಲೇ ಇದ್ದೀತು. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ಕುಂದಿದ್ದರೆ ಮಗ್ಗುಲಿಗೆ ಮಲಗಿಸಿ, ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆಯಿರಿ. ಮಧುಮೇಹಿಯಾಗಿದ್ದು ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ, 70ಕ್ಕಿಂತ ಕೆಳಗಿಳಿದರೆ ಅದೂ ಇದೇ ವೇಷದಲ್ಲಿ ಬರುತ್ತದೆ. ಆ ಅಂಕಿಯನ್ನು ಆಂಬುಲೆನ್ಸ್‌ನವರಿಗೆ ಹೇಳಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ಒಯ್ಯಿರಿ, ರಕ್ತ ತೆಳುಮಾಡುವ ಮಾತ್ರೆಯಿದ್ದರೆ ಕೊನೆಯ ಸಲ ನುಂಗಿದ ಹೊತ್ತನ್ನೂ ಹೇಳಿ. ಮುಟ್ಟಾಗಿದ್ದರೆ ಅಥವಾ ಬಸುರಿಯಾಗಿದ್ದರೆ ಸಂಕೋಚ ಬಿಟ್ಟು ತಿಳಿಸಿ. ಅಷ್ಟರಿಂದಲೇ ಚಿಕಿತ್ಸೆ ತಪ್ಪುವುದಿಲ್ಲ.

ಮೊದಲ ಗಂಟೆಗಳ ಸಿ.ಟಿ. ‘ನಾರ್ಮಲ್’ ಎಂದು ಬಂದರೆ ಪಾರ್ಶ್ವವಾಯು ಇಲ್ಲವೆಂದು ಅರ್ಥವಲ್ಲ, ರಕ್ತಸ್ರಾವವಿಲ್ಲ ಎಂದಷ್ಟೇ. ಕೈಯ ಸೋಲು ಹಾಗೇ ಇದ್ದರೆ ಮನೆಗೆ ಕರೆತರಲು ಒಪ್ಪಬೇಡಿ. ಹಾಗೆಯೇ ಹತ್ತು ನಿಮಿಷ ಮಾತು ತೊದಲಿ ತಾನಾಗಿ ಸರಿಹೋಯಿತೆಂದು ಸಮಾಧಾನಪಡುವಂತಿಲ್ಲ. ಅದು ತಾತ್ಕಾಲಿಕ ಪಾರ್ಶ್ವವಾಯು. ದೊಡ್ಡದು ಬರುವ ಸಂಭವ ಮುಂದಿನ ಎರಡು ದಿನಗಳಲ್ಲೇ ಅತ್ಯಂತ ಹೆಚ್ಚು, ಮತ್ತು ಅದನ್ನು ತಡೆಯುವ ಔಷಧಗಳಿವೆ. ಅದೇ ದಿನ ತೋರಿಸಬೇಕು.

ತಮ್ಮಲ್ಲಿ ಒಂದು ವಿನಂತಿ. ಪ್ರತಿವರ್ಷ ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನಕ್ಕೆ ಪತ್ರಿಕೆಗಳಲ್ಲಿ ಲೇಖನ ಬರುತ್ತದೆ, ಜೊತೆಗೆ ಕೋಲೂರಿದ ವೃದ್ಧರ ಚಿತ್ರ. ಈ ಸಲ ಅದರ ಪಕ್ಕದಲ್ಲಿ, ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಹಿಡಿದು ಕೂತ ಚಿಕ್ಕ ವಯಸ್ಸಿನ ತಾಯಿಯ ಚಿತ್ರವನ್ನೂ ಹಾಕಿ.

ಇತಿ,
ನಿಮ್ಮ ಓದುಗರು